ತಂಗಿಗೆಂದು ಹಿಡಿದಿಟ್ಟ ಕುರ್ಚಿ

ನಾಯಿ ತಿಂದದ್ದು ಒಂದು ಒಬ್ಬಟ್ಟು, ಅಷ್ಟೇ. ಗುಬ್ಬಿ ಊರಿನ ಮದುವೆಯಲ್ಲಿ ನನ್ನ ತಂಗಿ ಊಟ ಮಾಡದೆ ಹೋದದ್ದು ನಾಯಿಯಿಂದಲ್ಲ, ನನ್ನಿಂದ. ನೆಂಟರೆಲ್ಲ ಇವತ್ತಿಗೂ ತಪ್ಪನ್ನು ನಾಯಿಯ ಮೇಲೆ ಹಾಕುತ್ತಾರೆ. ಹಾಕಲಿ, ನಾಯಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆದರೆ ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಕೊತ್ತಗೆರೆ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಾಯಿ ಆ ಮೊಮ್ಮಗಳದ್ದೇ. ತುಮಕೂರಿನ ಮನೆಯಲ್ಲಿ ನಾವು ನಾಲ್ಕು ಜನ: ಮಗ, ಸೊಸೆ, ಮೊಮ್ಮಗಳು, ನಾನು. ಎರಡು ವರ್ಷದ ಹಿಂದೆ ಒಂದು ಸಂಜೆ ಮೊಮ್ಮಗಳು ರಟ್ಟಿನ ಡಬ್ಬ ಹಿಡಿದುಕೊಂಡು ಬಂದಳು. ಒಳಗಡೆ ಬಿಳೀ ಕೂದಲಿನ ಉಂಡೆ. ಮುಖ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿದುಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಅದಕ್ಕೆ ಇಂಗ್ಲಿಷಿನ ಹೆಸರು ಇಟ್ಟಿದ್ದಾಳೆ. ನನ್ನ ನಾಲಗೆ ಅದಕ್ಕೆ ಹೊರಳುವುದಿಲ್ಲ. ನಾನು ನಾಯಿ ಎಂದೇ ಕರೆಯುತ್ತೇನೆ, ಅದೂ ಬರುತ್ತದೆ.

ಮನೆಯಲ್ಲಿ ಒಂದನ್ನೇ ಬಿಟ್ಟು ಹೋದರೆ ಅದು ಬೀದಿಗೆಲ್ಲ ಕೇಳುವ ಹಾಗೆ ಊಳಿಡುತ್ತದೆ. ಅದಕ್ಕೇ ಮೊಮ್ಮಗಳು ಹೋದಲ್ಲಿಗೆಲ್ಲ ಎತ್ತಿಕೊಂಡು ಹೋಗುತ್ತಾಳೆ. ಎಲ್ಲಿಗೆ ನಾಯಿಯನ್ನು ಕರೆದೊಯ್ಯಬಾರದೋ ಅಲ್ಲಿಗೆಲ್ಲ ಅದು ಹೋಗಿ ಬಂದಿದೆ. ನನ್ನ ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಲು ಹೋದಾಗ ಅದೂ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿತ್ತು. ಸೂಜಿ ಹಿಡಿದುಕೊಂಡಿದ್ದ ಹುಡುಗಿ, "ಅಜ್ಜಿ, ಇಲ್ಲಿ ಮನುಷ್ಯರದ್ದು ಮಾತ್ರ ತಗೊಳೋದು" ಎಂದಳು. "ನಂದೇ ತಗಳವ್ವ, ಅದು ಜೊತೆಗೆ ಬಂದೈತೆ" ಎಂದೆ. ದೇವಸ್ಥಾನದಲ್ಲಿ ಗಂಟೆ ಹೊಡೆದ ಕೂಡಲೇ ಇದೂ ರಾಗ ತೆಗೆಯಿತು. ಬಟ್ಟೆ ಅಂಗಡಿಯಲ್ಲಿ ಸೀರೆ ಹರಡುವ ಬಿಳೀ ಹಾಸಿಗೆಯ ಮೇಲೆ ಮೊಮ್ಮಗಳು ಅದನ್ನು ಬಿಟ್ಟಳು. ಹೊಸ ರೇಷ್ಮೆ ಸೀರೆಗಳ ನಡುವೆ ಅದು ಕಾಲೆತ್ತಿದ್ದನ್ನು ನೋಡಿ ನಾನು ಚಪ್ಪಲಿ ಹಾಕಿಕೊಂಡು ಆಚೆ ಬಂದುಬಿಟ್ಟೆ. ಜೊತೆಗೆ ಬಂದಿದ್ದ ಸೊಸೆ ಒಳಗೆ ಅಂಗಡಿಯವರಿಂದ ಮಾತು ಕೇಳಿಸಿಕೊಂಡಳು.

ಅಂಥ ಕಡೆ ನಾಯಿಗೆ ಸುಖ ಇದೆಯೇ ಎಂದು ಕೇಳಿದರೆ, ಇಲ್ಲ. ಬಾಲ ಒಳಕ್ಕೆ ಸೇರಿಸಿಕೊಂಡು ನಡುಗುತ್ತಾ ಕೂರುತ್ತದೆ. ಅದಕ್ಕೆ ಬೇಕಾಗಿರುವುದು ಮಣ್ಣು. ಇವಳು ಟೈಲ್ಸ್ ಇರುವ ಕಡೆಗೇ ಹುಡುಕಿಕೊಂಡು ಹೋಗುತ್ತಾಳೆ.

ಕೊತ್ತಗೆರೆಯಲ್ಲಿ ನಾವು ಚಿಕ್ಕವರಿದ್ದಾಗಲೂ ಒಂದು ನಾಯಿ ಇತ್ತು. ಕಂದು ಬಣ್ಣ, ಒಂದು ಕಿವಿ ಮುರಿದಿತ್ತು. ನಮ್ಮದು ಎಂದು ಯಾರೂ ಹೇಳಿರಲಿಲ್ಲ. ಅದೇ ಬಂದು ಬಾಗಿಲಲ್ಲಿ ಮಲಗಿತು, ಅಲ್ಲೇ ಉಳಿಯಿತು. ನಾನೂ ತಂಗಿಯೂ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋದರೆ ಕೆರೆ ಏರಿಯ ಮೇಲೆ ಮುಂದೆ ಮುಂದೆ ಓಡುತ್ತಿತ್ತು. ಆದರೆ ಸ್ಕೂಲಿನ ಬಾಗಿಲು, ಗುಡಿಯ ಬಾಗಿಲು, ಮದುವೆ ಚಪ್ಪರ ಇವು ಮೂರರ ಹತ್ತಿರ ಬಂದರೆ ನಿಂತುಬಿಡುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ.

ತಂಗಿಗೆ ಆ ನಾಯಿ ಎಂದರೆ ಪ್ರಾಣ. ನನಗೆ ಅಷ್ಟಕ್ಕಷ್ಟೇ. ಮದುವೆ ಊಟಗಳಲ್ಲಿ ಅಮ್ಮ ನಮ್ಮಿಬ್ಬರನ್ನೂ ಜೊತೆಗೆ ಕೂರಿಸುತ್ತಿದ್ದಳು, ಯಾವಾಗಲೂ ತಂಗಿ ನನ್ನ ಎಡಕ್ಕೆ. ಯಾಕೆ ಎಡಕ್ಕೆ ಎಂದು ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ನನಗೆ ಒಬ್ಬಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಹಪ್ಪಳ ಎಂದರೆ ಎಷ್ಟಿದ್ದರೂ ಸಾಲದು. ಹಾಗಾಗಿ ಎಲೆಗೆ ಬಡಿಸಿದ ಕೂಡಲೇ ನನ್ನ ಒಬ್ಬಟ್ಟು ಅವಳ ಎಲೆಗೆ, ಅವಳ ಹಪ್ಪಳ ನನ್ನ ಎಲೆಗೆ. ಮಾತೇ ಇಲ್ಲ, ಕೈ ತಾನಾಗಿ ಹೋಗುತ್ತಿತ್ತು. ಅವಳು ಎರಡು ಒಬ್ಬಟ್ಟು ತಿನ್ನುತ್ತಾಳೆ ಎಂದುಕೊಂಡಿದ್ದೆ. ಒಂದು ಸಲ ಹಿಂದೆಯೇ ಹೋಗಿ ನೋಡಿದರೆ, ಎಂಜಲೆಲೆ ಬಿಸಾಡುವ ಕಡೆ ಕೂತು ಲಂಗದ ಮಡಿಲಿಂದ ನನ್ನ ಒಬ್ಬಟ್ಟು ತೆಗೆದು ಆ ನಾಯಿಗೆ ಮುರಿದು ಮುರಿದು ಹಾಕುತ್ತಿದ್ದಾಳೆ. ಹೊಸ ಲಂಗಕ್ಕೆಲ್ಲ ತುಪ್ಪ. ನಾನು ಹೋಗಿ ಅಮ್ಮನಿಗೆ ಹೇಳಿಬಿಟ್ಟೆ. ತಂಗಿಗೆ ಏಟು ಬಿತ್ತು. ಮುಂದಿನ ಮದುವೆಯಲ್ಲಿ ಮತ್ತೆ ನನ್ನ ಎಡಕ್ಕೇ ಕೂತು, ಹಪ್ಪಳ ಎತ್ತಿ ನನ್ನ ಎಲೆಗೆ ಹಾಕಿ, "ಹೇಳ್ಬೇಡ ಕಣಕ್ಕ ಈ ಸತಿ" ಎಂದಳು. ಹೇಳಲಿಲ್ಲ.

ನನ್ನನ್ನು ತುಮಕೂರಿಗೆ ಕೊಟ್ಟರು, ಅವಳನ್ನು ಊರಲ್ಲೇ ಕೊಟ್ಟರು. ಇಬ್ಬರಿಗೂ ಮಕ್ಕಳಾದವು, ಮಕ್ಕಳಿಗೆ ಮಕ್ಕಳಾದವು. ಯಾವ ಮದುವೆ ಮನೆಯಲ್ಲಾಗಲಿ, ಮೊದಲು ಇಳಿದವಳು ಪಂಕ್ತಿಯಲ್ಲಿ ಪಕ್ಕದ ಕುರ್ಚಿಯ ಮೇಲೆ ಬ್ಯಾಗು ಇಟ್ಟು ಇನ್ನೊಬ್ಬಳಿಗೆ ಜಾಗ ಹಿಡಿಯುತ್ತಿದ್ದಳು. ಎಷ್ಟು ತಡವಾದರೂ ಆ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದಿಲ್ಲ.

ಆಮೇಲೆ ಅಮ್ಮ ಸತ್ತಳು. ಕೊನೆಯ ಒಂಬತ್ತು ವರ್ಷ ಅವಳು ತಂಗಿಯ ಮನೆಯಲ್ಲಿದ್ದಳು. ಅದರಲ್ಲಿ ಎರಡು ವರ್ಷ ಹಾಸಿಗೆ. ನಾನು ವರ್ಷಕ್ಕೆ ನಾಲ್ಕು ಸಲ ಹೋಗಿ, ಮಧ್ಯಾಹ್ನದ ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸು ಬರುತ್ತಿದ್ದೆ. ಅಮ್ಮ ಸತ್ತ ಹನ್ನೊಂದನೇ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ತಂಗಿ ಸೌಟು ಹಿಡಿದು ಬಡಿಸುತ್ತಿದ್ದಳು. ಯಾರೋ ಅಮ್ಮ ಕೊನೆಗೆ ಎಷ್ಟು ಸೊರಗಿಹೋಗಿದ್ದಳು ಎಂದರು. ನಾನು ಎಲ್ಲರಿಗೂ ಕೇಳುವ ಹಾಗೆ, "ಹೊತ್ತೊತ್ತಿಗೆ ಬಾಯಿಗೆ ಅನ್ನ ಇಟ್ಟಿದ್ರೆ ಹಂಗೆ ಕಡ್ಡಿ ಆಗ್ತಿರ್ಲಿಲ್ಲ ಬುಡಿ" ಎಂದೆ.

ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅಮ್ಮನಿಗೆ ನುಂಗಲು ಆಗುತ್ತಿರಲಿಲ್ಲ. ಒಂದು ಲೋಟ ಗಂಜಿ ಕುಡಿಸಲು ತಂಗಿ ಒಂದು ಗಂಟೆ ಕೂರುತ್ತಿದ್ದಳು, ನಾನೇ ನೋಡಿದ್ದೆ. ಕೂರದೆ ಇದ್ದವಳು ನಾನು. ಅದಕ್ಕೇ ಆ ಮಾತು ಬಂತು. ತಂಗಿ ಸೌಟನ್ನು ಪಾತ್ರೆಯೊಳಗೆ ಇಟ್ಟು ಒಳಗೆ ಹೋದಳು. ಅವತ್ತಿನಿಂದ ಆರು ವರ್ಷ ಇಬ್ಬರಿಗೂ ಮಾತಿಲ್ಲ.

ಆರು ವರ್ಷದಲ್ಲಿ ಎಷ್ಟೋ ಮದುವೆಗೆ ಹೋದೆ. ಅವಳಿದ್ದರೆ ಬೇರೆ ಪಂಕ್ತಿಗೆ ಕೂರುತ್ತಿದ್ದಳು. ನನ್ನ ಎಡಕ್ಕೆ ಯಾರ್ಯಾರೋ ಕೂತರು. ಪ್ರತಿ ಸಲವೂ ನನ್ನ ಎಲೆಯಲ್ಲಿ ಒಬ್ಬಟ್ಟು ಹಾಗೇ ಉಳಿಯುತ್ತಿತ್ತು. ಎಲೆ ಮಡಿಸುವಾಗ ಅದು ಕೈಗೆ ಉಬ್ಬುಬ್ಬಾಗಿ ಸಿಗುತ್ತಿತ್ತು. ಹಪ್ಪಳವನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಕೇಳಿ ಹಾಕಿಸಿಕೊಂಡದ್ದಕ್ಕೆ ಆ ರುಚಿ ಇರುವುದಿಲ್ಲ.

ಇನ್ನು ಗುಬ್ಬಿಯ ಮದುವೆ. ನಮ್ಮ ಚಿಕ್ಕಪ್ಪನ ಮೊಮ್ಮಗನದ್ದು. ಹುಡುಗ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಅದಕ್ಕೇ ಗುಬ್ಬಿಯಲ್ಲೇ ಛತ್ರ ಹಿಡಿದಿದ್ದರು. ಬೆಳಿಗ್ಗೆ ಕಾರು ಹತ್ತುವಾಗ ನೋಡುತ್ತೇನೆ, ನಾಯಿಗೆ ಜರಿ ಅಂಚಿನ ಅಂಗಿ, ಮೊಮ್ಮಗಳ ಸೀರೆಯದೇ ಬಣ್ಣ.

"ಇದ್ಯಾವ ಕಡೆ ಬೀಗ್ರು?" ಎಂದೆ.

"ಅಜ್ಜಿ, ಪ್ಲೀಸ್. ಮನೇಲಿ ಯಾರೂ ಇರಲ್ಲ. ನನ್ ತೊಡೆ ಮೇಲೇ ಇರ್ತಾನೆ, ಕೆಳಗೆ ಬಿಡಲ್ಲ."

"ನೀನು ಬಿಡಲ್ಲ, ಅದು ಇರ್ಬೇಕಲ್ಲ."

ಸೊಸೆ, "ಹೇಳಿ ಅತ್ತೆ ನೀವಾದ್ರೂ" ಎಂದಳು. ನನ್ನ ತಲೆ ಬೇರೆ ಕಡೆ ಇತ್ತು. ಕೊತ್ತಗೆರೆಯಿಂದ ತಂಗಿಯೂ ಬರುತ್ತಾಳೆ ಎಂದು ಹಿಂದಿನ ದಿನ ಹುಡುಗನ ತಾಯಿ ಫೋನಿನಲ್ಲಿ ಹೇಳಿದ್ದಳು.

ಛತ್ರದಲ್ಲಿ ಅವಳ ಬೆನ್ನು ಕಂಡಿತು. ಮುಂದಿನಿಂದ ಮೂರನೇ ಸಾಲು. ತಲೆ ಪೂರಾ ಬೆಳ್ಳಗಾಗಿದೆ, ಗಂಟು ಮಾತ್ರ ಅದೇ, ಕಿವಿಯ ಹಿಂದೆ ಒಂದು ಪಕ್ಕಕ್ಕೆ. ಅವಳು ತಿರುಗಿದಳು. ನಾನು ಬೇಗ ಗೋಡೆಯ ಕಡೆ ನೋಡಿದೆ. ಮಾಂಗಲ್ಯ ಕಟ್ಟಿ ಅಕ್ಷತೆ ಹಾಕಿದ ಮೇಲೆ ಯಾರಿಗೂ ಕಾಯದೆ ನಾನೊಬ್ಬಳೇ ಕೆಳಗಿನ ಊಟದ ಹಾಲಿಗೆ ಇಳಿದೆ. ಎರಡನೇ ಸಾಲಿನಲ್ಲಿ ಕೂತು ಎಡಗಡೆ ಕುರ್ಚಿಯ ಮೇಲೆ ಬ್ಯಾಗು ಇಟ್ಟೆ. ಆರು ವರ್ಷದಲ್ಲಿ ಅದೇ ಮೊದಲು.

ಜನ ಬರತೊಡಗಿದರು. ಒಬ್ಬ ಹೆಂಗಸು ಬಂದು ಕುರ್ಚಿಯ ಬೆನ್ನು ಹಿಡಿದಳು.

"ಯಾರಾದ್ರೂ ಬರ್ತಾರಾ ಇಲ್ಲಿಗೆ?"

"ಬರ್ತಾರೆ."

"ಯಾರು?"

"ನನ್ ತಂಗಿ."

"ಎಲ್ಲವ್ರೆ?"

"ಬರ್ತಾ ಅವ್ಳೆ."

"ಬರ್ತಾ ಇದ್ರೆ ಬರ್ಲಿ, ಅಲ್ಲೀಗಂಟ ನಾನು ಕೂತಿರ್ತೀನಿ" ಎಂದು ನನ್ನ ಬ್ಯಾಗು ಎತ್ತಲು ಬಂದಳು. ಕೈ ತಳ್ಳಿದೆ. ಹಿಂದೆ ಇನ್ನಿಬ್ಬರು ನಿಂತಿದ್ದರು. ಆ ಹೊತ್ತಿಗೇ ಮೊಮ್ಮಗಳು ನಾಯಿಯನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದು ಬಂದಳು. "ವಾಲಗಕ್ಕೆ ಹೆದರಿಕೊಂಡಿದಾನೆ ಅಜ್ಜಿ. ಮೇಲೆ ಫೋಟೋಗೆ ಕರೀತಿದಾರೆ. ಎರಡೇ ನಿಮಿಷ ಇಟ್ಕೊ."

ಬೇರೆ ದಿನವಾಗಿದ್ದರೆ ಬೈದು ವಾಪಸು ಕಳಿಸುತ್ತಿದ್ದೆ. ಅವತ್ತು ಬ್ಯಾಗು ತೆಗೆದು ತೊಡೆ ಮೇಲಿಟ್ಟುಕೊಂಡು, "ಇಲ್ಲಿ ಕೂರ್ಸು" ಎಂದು ಆ ಕುರ್ಚಿ ತೋರಿಸಿದೆ. ಬ್ಯಾಗಿಗೆ ಯಾರೂ ಹೆದರುವುದಿಲ್ಲ, ನಾಯಿಗೆ ಹೆದರುತ್ತಾರೆ. ನನ್ನ ಲೆಕ್ಕ ಅಷ್ಟೇ ಇತ್ತು. ಆ ಹೆಂಗಸು ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಜಾಗ ಉಳಿಯಿತು.

ಎಲೆ ಹಾಕುವವರು ಮುಖ ನೋಡುವುದಿಲ್ಲ, ಕುರ್ಚಿ ಲೆಕ್ಕಕ್ಕೆ ಹಾಕಿಕೊಂಡು ಹೋಗುತ್ತಾರೆ. ನಾಯಿಯ ಮುಂದೆಯೂ ಎಲೆ ಬಿತ್ತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಂತು. ಹಪ್ಪಳ, ಒಬ್ಬಟ್ಟು, ಮೇಲೆ ತುಪ್ಪ ಬಂತು, ಅನ್ನವೂ ಬಂತು. ಎದುರಿನ ಸಾಲಿನಲ್ಲಿ ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಯಜಮಾನರೊಬ್ಬರು ತುತ್ತು ಎತ್ತಿದವರು ಹಾಗೇ ಇಳಿಸಿದರು.

"ಇದೇನಮ್ಮ ಇದು, ಪಂಕ್ತೀಲಿ ನಾಯಿ?"

"ನಿಮ್ಗೇನು ಅದು ಬಡಿಸ್ತಾ ಐತಾ? ಉಣ್ಣಿ ಸುಮ್ನೆ."

"ಉಣ್ಣೋದು ಹೆಂಗಮ್ಮ, ಎಲೆ ಮುಂದೇನೇ ಕೂತೈತಲ್ಲ."

"ಅಂಗಿ ಹಾಕ್ಕಂಡೈತೆ, ನೋಡಿ. ಮರ್ಯಾದಸ್ಥರ ಮನೇದು."

ಅಕ್ಕಪಕ್ಕದ ನಾಲ್ಕು ಜನ ನಕ್ಕರು. ಸಾಂಬಾರಿನ ಬಕೆಟ್ಟಿನವನು ಮಾತ್ರ ನಗಲಿಲ್ಲ. "ಅಮ್ಮೋರೇ, ಎತ್ಬುಡಿ. ಓನರು ನೋಡಿದ್ರೆ ನಮ್ಗೆ ಬೈತಾರೆ" ಎಂದ. "ಇಲ್ಲಿ ಕೂರೋರು ಬರ್ತಾ ಇದ್ದಂಗೇ ಎತ್ತೀನಿ ಕಣಪ್ಪ" ಎಂದೆ. ಆ ಮಾತು ನಿಜವೇ. ತಂಗಿ ಬಂದ ಕೂಡಲೇ ಎತ್ತಬೇಕು ಎಂದೇ ಇದ್ದೆ.

ಅವಳು ಬಂದಳು. ಮೆಟ್ಟಿಲು ಇಳಿದು ಕಂಬದ ಹತ್ತಿರ ನಿಂತು ಹಾಲೆಲ್ಲ ನೋಡಿದಳು. ನಾಲ್ಕು ಸಾಲು ಊಟ, ಮೂಲೆಯಲ್ಲಿ ಇನ್ನೂ ಎರಡು ಮೂರು ಕುರ್ಚಿ ಖಾಲಿ ಇದ್ದವು. ಅವಳು ಆ ಕಡೆ ಹೋಗಲಿಲ್ಲ. ನಾನು ಕೂತಿದ್ದ ಸಾಲಿಗೇ ಬಂದಳು. ಬಂದು ನನ್ನ ಎಡಗಡೆ ಕುರ್ಚಿಯ ಹಿಂದೆ ನಿಂತಳು.

ನಾನು ನೋಡಿದೆ. ಅವಳೂ ನೋಡಿದಳು. ನನ್ನ ಕೈ ನಾಯಿಯ ಮೇಲೆ ಹೋಗಿತ್ತು. ಹೋಗಿ ನಿಂತಿತು. ಅಕ್ಕ ಅನ್ನಲಿ, ಮೊದಲು ಅವಳೇ ಅನ್ನಲಿ, ಆಮೇಲೆ ಎತ್ತುತ್ತೇನೆ ಎಂದುಕೊಂಡೆ. ಅಲ್ಲಿಯವರೆಗೆ ಬಂದು ನಿಂತವಳ ಬಾಯಿಂದ ಇನ್ನೊಂದು ಮಾತು ಬೇಕಿತ್ತು ನನಗೆ. ತಲೆ ತಗ್ಗಿಸಿಕೊಂಡು ಅನ್ನ ಕಲೆಸತೊಡಗಿದೆ. ಕಲೆಸುವುದಕ್ಕೆ ಸಾಂಬಾರು ಇನ್ನೂ ಹಾಕಿಸಿಕೊಂಡಿರಲಿಲ್ಲ, ಬರೀ ಅನ್ನ ಕಲೆಸುತ್ತಿದ್ದೆ.

ಆಗ ನಾಯಿ ಕತ್ತು ಚಾಚಿ ಅವಳ ಎಲೆಯ ಒಬ್ಬಟ್ಟಿಗೆ ಬಾಯಿ ಹಾಕಿತು. ಎದುರಿನ ಯಜಮಾನರು, "ಹಚಾ, ಹಚಾ" ಎಂದರು. ಬಕೆಟ್ಟಿನವನು ಸೌಟು ಎತ್ತಿದ.

ತಂಗಿ ಅವನ ಕೈ ತಡೆದಳು. "ತಿನ್ಲಿ ಬುಡಪ್ಪ. ಅದಾದ್ರೂ ಹೊಟ್ಟೆ ತುಂಬ ತಿನ್ಲಿ" ಎಂದಳು.

ಜೋರಾಗಿ ಹೇಳಲಿಲ್ಲ. ನನಗೆ ಹೇಳಿದ ಹಾಗೂ ಇರಲಿಲ್ಲ. ನಾಯಿಯ ತಲೆಯ ಮೇಲೆ ಒಂದು ಸಲ ಕೈ ಆಡಿಸಿ, ಕುರ್ಚಿಗಳ ಸಂದಿಯಲ್ಲಿ ಒಂದು ಪಕ್ಕವಾಗಿ ನಡೆದು ಹೋಗಿಬಿಟ್ಟಳು. ನಾನು ಏಳಲಿಲ್ಲ. ಎಂಜಲು ಕೈ ಎಂದು ನೆಪ ಇತ್ತು. ಅವಳ ಮಗ ಊಟಕ್ಕೆಂದು ಹುಡುಕಿಕೊಂಡು ಬರುವ ಹೊತ್ತಿಗೆ ಅವಳು ಕುಣಿಗಲ್ ಕಡೆಗೆ ಹೋಗುವ ಯಾರದೋ ಕಾರು ಹತ್ತಿ ಆಗಿತ್ತು.

ಮದುವೆ ಮನೆಯಿಂದ ಊಟ ಮಾಡದೆ ಹೋಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ತಂಗಿಯ ಎಲೆಗೆ ನಾಯಿ ಬಾಯಿ ಹಾಕಿತಂತೆ, ಅದಕ್ಕೇ ಹೋದಳಂತೆ. ಹುಡುಗನ ತಾಯಿ ಬಂದು ಮೊಮ್ಮಗಳಿಗೆ ಮುಖದ ಮೇಲೇ ಹೇಳಿದಳು. ಮೊಮ್ಮಗಳು ನಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾರಿನಲ್ಲಿ ಹೋಗಿ ಕೂತಳು. ನಾನು ಅಲ್ಲೇ ನಿಂತು ತಾಂಬೂಲ ತೆಗೆದುಕೊಂಡೆ. ಒಂದು ಮಾತೂ ಆಡಲಿಲ್ಲ.

ಕಾರಿನಲ್ಲಿ ಮಗ, "ನಾಳೆಯಿಂದ ಈ ನಾಯಿ ಮನೇಲಿ ಇರಕೂಡದು, ಯಾರಿಗಾದ್ರೂ ಕೊಟ್ಟು ಬಾ" ಎಂದ. ಸೊಸೆ ಹೂಂ ಎಂದಳು. ಮೊಮ್ಮಗಳು ಕಿಟಕಿಯ ಕಡೆ ತಿರುಗಿಕೊಂಡು ಮೂಗು ಒರೆಸಿಕೊಂಡಳು. ಗುಬ್ಬಿ ದಾಟುವ ಮೊದಲೇ ನಾಯಿ ನನ್ನ ಸೀರೆಯ ಮೇಲೆ ಆ ಒಬ್ಬಟ್ಟನ್ನು ಕಕ್ಕಿತು.

ಮನೆಗೆ ಬಂದು ಸೀರೆ ನೆನೆಸುತ್ತಿದ್ದೆ. ಮೊಮ್ಮಗಳು ಬಚ್ಚಲ ಬಾಗಿಲಲ್ಲಿ ಬಂದು ನಿಂತಳು. "ಅಜ್ಜಿ, ಚಿಕ್ಕಜ್ಜಿಗೆ ಫೋನ್ ಮಾಡಿ ಸಾರಿ ಕೇಳ್ಲಾ?"

"ನೀನ್ಯಾಕೆ ಕೇಳ್ತೀಯ?"

"ನನ್ ನಾಯಿಯಿಂದಲ್ವಾ ಆಗಿದ್ದು."

ಸೋಪು ಕೆಳಗಿಟ್ಟೆ. "ನಿನ್ ನಾಯಿ ಅಲ್ಲಿಗೆ ಬರಬಾರದಾಗಿತ್ತು, ಅದು ಬೇರೆ ವಿಷಯ. ಅದಕ್ಕೆ ನಿನ್ನ ಇನ್ನೊಂದಿನ ಬೈತೀನಿ. ಆದ್ರೆ ಅವಳು ಹೋಗಿದ್ದು ಅದುಕ್ಕಲ್ಲ ಕಣೇ. ಅವಳಿಗೆ ನಾಯಿ ಅಂದ್ರೆ ಆಗುತ್ತೆ. ನಾನು 'ಬಾರೇ' ಅಂದಿದ್ರೆ ಅದುನ್ನ ತೊಡೆ ಮೇಲೆ ಕೂರಿಸ್ಕೊಂಡು ಉಣ್ತಿದ್ಲು. ನಾನು ಅನ್ಲಿಲ್ಲ."

"ಯಾಕೆ ಅನ್ಲಿಲ್ಲ?"

"ಸೊಕ್ಕು."

ನಾನೇ ಹೋಗಿ ಮಗನಿಗೂ ಹೇಳಿದೆ, ನಾಯಿಯನ್ನು ಎಲ್ಲಿಗೂ ಕೊಡುವುದು ಬೇಡ ಎಂದೆ. ಅವನು ಟೀವಿಯ ಸದ್ದು ಕಡಿಮೆ ಮಾಡಿದ. "ಆರು ವರ್ಷ ಆಯ್ತಲ್ಲಮ್ಮ" ಎಂದ. ನನಗೂ ಗೊತ್ತಿತ್ತು.

ಮಾರನೇ ದಿನ ಬೆಳಗಾಗುತ್ತಲೇ ಎದ್ದು ಬೇಳೆ ಬೇಯಲು ಇಟ್ಟೆ. ಸೊಸೆ ಕಣ್ಣುಜ್ಜಿಕೊಂಡು ಅಡುಗೆ ಮನೆಗೆ ಬಂದು, "ಇವತ್ತೇನು ಹಬ್ಬ ಅತ್ತೆ?" ಎಂದಳು. ಕಣಕ ನಾದಿದೆ, ಹೂರಣ ರುಬ್ಬಿದೆ. ಆರು ಒಬ್ಬಟ್ಟು ತಟ್ಟಿದೆ. ಮೊದಲನೆಯದು ಹರಿಯಿತು, ಅದನ್ನು ಬಿಟ್ಟು ಐದನ್ನು ಬಾಳೆಎಲೆಯಲ್ಲಿ ಸುತ್ತಿ ಬ್ಯಾಗಿಗೆ ಇಟ್ಟೆ. ಮೊಮ್ಮಗಳು ಕಾರಿನ ಕೀ ಹಿಡಿದು, "ನಾನೇ ಕರ್ಕೊಂಡು ಹೋಗ್ತೀನಿ, ಇವನನ್ನೂ ತೋರ್ಸೋಣ" ಎಂದಳು.

"ಬೇಡ. ಕಾರಲ್ಲಿ ಹೋದ್ರೆ ನೀವೆಲ್ಲ ನೋಡ್ತಾ ನಿಂತಿರ್ತೀರ. ನಂಗೆ ಬಾಯಿಗೆ ಮಾತು ಬರಲ್ಲ."

ಬಸ್ಸಿನಲ್ಲಿ ಹೋದೆ. ಕುಣಿಗಲ್ಲಿನ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಎಡಗಡೆ ಸೀಟು ನೋಡಿ, ಯಾರಾದರೂ ಬರುತ್ತಾರಾ ಎಂದು ಕೇಳಿದಳು. ಬ್ಯಾಗು ಎತ್ತಿ ತೊಡೆ ಮೇಲಿಟ್ಟುಕೊಂಡು, ಇಲ್ಲ, ಕೂತುಕೋ ಎಂದೆ. ಒಬ್ಬಟ್ಟಿನ ಬಿಸಿ ತೊಡೆಗೆ ತಾಗುತ್ತಿತ್ತು. ಕುಣಿಗಲ್ಲಿನಲ್ಲಿ ಇಳಿದು ಕೊತ್ತಗೆರೆಗೆ ಆಟೋ ಹಿಡಿದೆ.

ತಂಗಿ ಅಂಗಳದಲ್ಲಿ ನಿಂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕಾಲ ಹತ್ತಿರ ಒಂದು ಬೀದಿ ನಾಯಿ ಮಲಗಿತ್ತು. ಅದು ತಲೆ ಎತ್ತಿತು, ಬೊಗಳಲಿಲ್ಲ. ಅವಳು ನನ್ನನ್ನು ನೋಡಿ ಕೇರುವುದು ನಿಲ್ಲಿಸಿದಳು, ಮೊರ ಕೆಳಗಿಡಲಿಲ್ಲ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಬಂದದ್ದು ಇಷ್ಟೇ:

"ನಿನ್ನೆ ನೀನು ಬಂದಿದ್ದು ನೋಡ್ದೆ ಕಣೇ. ನೋಡಿನೂ ಎತ್ಲಿಲ್ಲ. ಅಮ್ಮಂಗೆ ನೀನು ಉಣ್ಣಿಸಿದ್ದೂ ನೋಡಿದ್ದೆ. ನೋಡಿನೂ ಹಂಗಂದೆ."

ನಾನು ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಬಾಳೆಎಲೆಯ ಗಂಟು ಬಿಚ್ಚಿ ಮುಂದೆ ಇಟ್ಟೆ. ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ. ಆ ಜಾಗದಲ್ಲಿ ಬ್ಯಾಗು ಇಡಲಿಲ್ಲ.